ಹಸಿರು ಬಳೆಯ ಎಮ್ಮೆಯ ಗಿಣ್ಣ

ಹಾಲಿನ ಸಂಘದ ಸೆಕ್ರೆಟರಿಯನ್ನು ಊರಿನಲ್ಲಿ ಯಾರೂ ಮನಸಾರೆ ಮಾತಾಡಿಸುವುದಿಲ್ಲ. ಹಾಲಿಗೆ ಬೆರೆಸಿದ ನೀರನ್ನು ಹಿಡಿಯುವುದೇ ಅವನ ಕೆಲಸವಾದ್ದರಿಂದ ಅವನಿಗೆ ನಮಸ್ಕಾರ ಸಿಗುತ್ತದೆ, ಪ್ರೀತಿ ಸಿಗುವುದಿಲ್ಲ. ರಾಯಬಾಗ ತಾಲೂಕಿನ ನಮ್ಮ ಹಳ್ಳಿಯಲ್ಲಿ ಆ ಕೆಲಸ ನನ್ನದು. ನನ್ನ ಹೆಸರು ಮುರಗೆಪ್ಪ. ಬೆನ್ನ ಹಿಂದೆ ಕರೆಯುವ ಹೆಸರು ಬೇರೆ ಇದೆ, ಅದನ್ನು ಇಲ್ಲಿ ಬರೆಯಲಾರೆ. ನನಗೆ ಸಿಟ್ಟು ಬೇಗ ಬರುತ್ತದೆ, ಸಂಶಯ ಅದಕ್ಕಿಂತ ಬೇಗ ಬರುತ್ತದೆ. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಹಾಲಿನ ಕ್ಯಾನು ಕಾಯುವವನಿಗೆ ಇವೆರಡೂ ಬೇಕು.

ತೊಂಬತ್ತೆರಡನೇ ಇಸವಿಯ ಮಾತು. ಕಾಲುವೆ ಬಂದ ಮೇಲೆ ನಮ್ಮ ಕಡೆ ಕಬ್ಬು ಬಂತು, ಕಬ್ಬಿನ ಜೊತೆ ಟ್ರ್ಯಾಕ್ಟರು ಬಂದವು, ಕಾಲುವೆಯ ಬದುವಿನಲ್ಲಿ ಮೇಯುವ ಎಮ್ಮೆಗಳ ಹೊಟ್ಟೆಗೆ ಹುಳವೂ ಬಂತು. ಯಕೃತ್ತಿನೊಳಗೆ ಸೇರಿಕೊಂಡು ಎಮ್ಮೆಯನ್ನು ಒಣಗಿಸುವ ಹುಳ. ಅದಕ್ಕೊಂದು ಹೊಸ ಸೂಜಿಮದ್ದು ಕಂಡುಹಿಡಿದಿದ್ದೇವೆ, ನಿಮ್ಮೂರ ಎಮ್ಮೆಗಳಿಗೆ ಹಾಕಿ ನೋಡುತ್ತೇವೆ ಎಂದು ಪುಣೆಯ ಒಂದು ಔಷಧ ಕಂಪನಿಯವರು ಬಂದರು. ಅವರ ಪರವಾಗಿ ಊರಿಗೆ ಓಡಾಡುತ್ತಿದ್ದವರು ದನದ ಡಾಕ್ಟರ್ ಶಾಂತಿನಾಥ. ಬೋರಗಾಂವದ ಜೈನರ ಹುಡುಗ, ಹೊಸದಾಗಿ ಓದಿ ಬಂದವರು, ಬಹಳ ಮೆತ್ತಗಿನ ಮಾತು. ಎಮ್ಮೆಯನ್ನೂ 'ಬಾರವಾ' ಎಂದು ಕರೆಯುತ್ತಿದ್ದರು.

ಗಬ್ಬವಾಗಿದ್ದು ಹಾಲು ಬತ್ತಿದ ಎಮ್ಮೆಗಳನ್ನೇ ಅವರು ಆರಿಸಿಕೊಂಡರು. ಕೆಲವಕ್ಕೆ ಕೆಂಪು ಮುಚ್ಚಳದ ಬಾಟಲಿಯಿಂದ ಸೂಜಿ, ಕೆಲವಕ್ಕೆ ಹಸಿರು ಮುಚ್ಚಳದ ಬಾಟಲಿಯಿಂದ. ಯಾವ ಬಣ್ಣದ್ದು ಹಾಕಿದರೋ ಆ ಬಣ್ಣದ ಬಳೆಯನ್ನು ಎಮ್ಮೆಯ ಕೋಡಿಗೆ ತೊಡಿಸಿದರು. ಎರಡರಲ್ಲಿ ಒಂದು ಔಷಧ, ಇನ್ನೊಂದು ಬರೀ ಉಪ್ಪುನೀರು. ಯಾವುದು ಯಾವುದೆಂದು ನಾನು ಕೇಳಿದಾಗ ಡಾಕ್ಟರು ನಕ್ಕರು.

"ನನಗೂ ಗೊತ್ತಿಲ್ರಿ, ಸೆಕ್ರೆಟರಿ ಸಾಹೇಬ್ರ. ಪುಣೇದಾಗ ನಮ್ಮ ದೊಡ್ಡ ಸಾಹೇಬರಿಗಿ ಅಷ್ಟ ಗೊತ್ತೈತಿ. ನನಗ ಗೊತ್ತಾದ್ರ ಔಷಧ ಹಾಕಿದ ಎಮ್ಮಿ ಚಲೋ ಆಗೇತಿ ಅಂತ ಮೊದಲ ನನ್ನ ಕಣ್ಣ ಹೇಳಾಕ ಸುರು ಮಾಡ್ತಾವ. ಅದಕ್ಕ ಮುಚ್ಚಿಟ್ಟಾರ."

ಚುಚ್ಚುವವನಿಗೇ ಗೊತ್ತಿಲ್ಲದ ಔಷಧ ಎಂದು ಊರೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಆ ಎಮ್ಮೆಗಳು ಈದ ಮೇಲೆ ಹಾಲು ಏನಾಗಬೇಕು ಎಂದು ಊರ ಸಭೆಯಲ್ಲಿ ಎದ್ದು ನಿಂತು ಕೇಳಿದವನು ನಾನೊಬ್ಬನೇ. ಡಾಕ್ಟರು ಸ್ಪಷ್ಟವಾಗಿ ಹೇಳಿದರು: ಸಂಘಕ್ಕೆ ಹಾಕುವಂತಿಲ್ಲ, ಮಾರುವಂತಿಲ್ಲ, ಚಹಾಕ್ಕೂ ಬಳಸುವಂತಿಲ್ಲ. ಕಂಪನಿಯ ಜೀಪು ಬಂದು ಹಾಲನ್ನು ಒಯ್ದು ಚೆಲ್ಲುತ್ತದೆ, ಅದರ ಬೆಲೆ ಕೊಡುತ್ತದೆ. ಆಮೇಲೆ ಇನ್ನೊಂದು ಮಾತು ಸೇರಿಸಿದರು. "ಈದ ಮ್ಯಾಲ ಮೊದಲಿನ ಹಾಲು ಹೆಂಗಿದ್ರೂ ಕರುವಿಂದ ಬಿಡ್ರಿ. ಅದ ಮುಗದ ಮ್ಯಾಲ ಜೀಪ ಕಳಸ್ತೀನಿ."

ಎಲ್ಲರೂ ಗೋಣು ಹಾಕಿದರು. ನಾನೂ ಹಾಕಿದೆ.

ಅಂದಿನಿಂದ ಬಳೆ ತೊಟ್ಟ ಎಮ್ಮೆಗಳ ಮನೆಯವರು ಸಂಘದ ಕಟ್ಟೆ ಹತ್ತಿದರೆ ನಾನು ಅವರ ಕ್ಯಾನಿನ ಮುಚ್ಚಳ ತೆಗೆಸಿ ಮೂಸುತ್ತಿದ್ದೆ. ಬೇರೆ ಎಮ್ಮೆಯ ಹಾಲು ತಂದವರಿಗೂ ಆಣೆ ಮಾಡಿಸುತ್ತಿದ್ದೆ. ಜನ ಬೈದರು. ಬೈಯಲಿ ಎಂದುಕೊಂಡೆ. ಯಾಕೆಂದರೆ ಆ ವರ್ಷ ನನ್ನ ಮನೆಯಲ್ಲಿ ಮಗಳು ತಾರವ್ವ ಇದ್ದಳು.

ತಾರಾಳನ್ನು ಅಥಣಿಗೆ ಕೊಟ್ಟಿದ್ದೇವೆ. ಹಿಂದಿನ ವರ್ಷ ಅವಳ ಮೊದಲ ಬಸಿರು ಐದನೇ ತಿಂಗಳಿನಲ್ಲಿ ಇಳಿದುಹೋಗಿತ್ತು. ಆಸ್ಪತ್ರೆಯ ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದ ಮಗಳನ್ನು ನೋಡಿ ನಾನು ಹೊರಗೆ ಬಂದು ಅತ್ತಿದ್ದೆ. ಈಗ ಮತ್ತೆ ಐದನೇ ತಿಂಗಳು. ವಿಶ್ರಾಂತಿಗೆಂದು ತವರಿಗೆ ಕರೆತಂದಿದ್ದೆವು. ಅವಳು ಕೆಮ್ಮಿದರೆ ನನ್ನ ಹೆಂಡತಿ ಗಿರಿಜವ್ವ ಅಡುಗೆಮನೆಯಿಂದ ಓಡಿ ಬರುತ್ತಿದ್ದಳು, ನಾನು ಹೊಲದಲ್ಲಿದ್ದರೂ ಕಿವಿ ಮನೆಯ ಕಡೆ ಇರುತ್ತಿತ್ತು.

ದಸರೆ ಮುಗಿದ ವಾರ ಎರಡು ಎಮ್ಮೆಗಳು ಈದವು. ಒಂದು ಕೆಳಗಿನ ಓಣಿಯ ಕಾಳವ್ವನದು, ಕೆಂಪು ಬಳೆಯದು. ಇನ್ನೊಂದು ನಮ್ಮ ಓಣಿಯ ಹೊಳೆವ್ವನದು, ಹಸಿರು ಬಳೆಯದು. ಹೊಳೆವ್ವನ ಗಂಡ ಮಲಕಾರಿ ಕುರಿ ಕಾಯುವವನು, ಮಗನನ್ನು ಕರೆದುಕೊಂಡು ಹಿಂಡಿನ ಹಿಂದೆ ಕೃಷ್ಣೆಯ ಕಡೆ ಹೋಗಿದ್ದ. ಮನೆಯಲ್ಲಿ ಅವಳು ಮತ್ತು ಬಸುರಿ ಸೊಸೆ ಮಲಕವ್ವ ಇಬ್ಬರೇ. ಮಲಕವ್ವನಿಗೆ ತಾರಾಳಿಗಿಂತ ಒಂದು ತಿಂಗಳು ಹೆಚ್ಚಾಗಿತ್ತು.

ಒಂದು ಮುಂಜಾನೆ ಸಂಘದ ಕಟ್ಟೆಯ ಮೇಲೆ ಡಾಕ್ಟರ್ ಶಾಂತಿನಾಥ ಬಂದು ಕುಳಿತಿದ್ದರು. ಅಂದಿನಿಂದ ಜೀಪು ಹಾಲು ಒಯ್ಯಬೇಕಿತ್ತು. ಹೊಳೆವ್ವ ಅಲ್ಲಿಗೆ ಬಂದಳು. ಡಾಕ್ಟರು ಕರುವಿನ ಆರೋಗ್ಯ ವಿಚಾರಿಸಿ, ಮೊದಲ ದಿನಗಳ ಹಾಲನ್ನೆಲ್ಲ ಅದು ಕುಡಿಯಿತೇ ಎಂದು ಕೇಳಿದರು.

"ಅದರ ಹೊಟ್ಟಿಗಿ ಎಷ್ಟ ಬೇಕ್ರಿ, ಎಪ್ಪಾ? ಹೊಟ್ಟಿ ತುಂಬ ಕುಡಸೀನಿ. ಉಳದದ್ದು ಗಿಣ್ಣ ಮಾಡಿ ಓಣಿಗೆಲ್ಲಾ ಹಂಚೀನ್ರಿ," ಎಂದಳು ಹೊಳೆವ್ವ, ಮುಖ ತುಂಬ ಹೆಮ್ಮೆಯಿಂದ.

ಡಾಕ್ಟರ ಕೈಯಲ್ಲಿದ್ದ ಚಹಾದ ಬಟ್ಟಲು ಅಲ್ಲೇ ನಿಂತಿತು. "ಹಂಚಿ... ಅಂದ್ರ ಮಂದಿ ತಿಂದ್ರೇನು?"

"ಗಿಣ್ಣ ತಿನ್ನದ ಮತ್ತೇನ ಮಾಡ್ತಾರ್ರಿ?"

ನನಗೆ ಮೊದಲು ಡಾಕ್ಟರ ಮೇಲೆ ನಗು ಬಂತು. ಈ ಸೀಮೆಯಲ್ಲೇ ಹುಟ್ಟಿ ಗಿಣ್ಣ ಗೊತ್ತಿಲ್ಲದ ಮನುಷ್ಯ! ಆಮೇಲೆ ಅವರು ತಡವರಿಸುತ್ತ ಹೇಳಿದ್ದು ಕೇಳಿ ನಗು ಆರಿತು. ಅವರ ಮನೆಯಲ್ಲಿ ಎಮ್ಮೆ ಈದ ಮೇಲೆ ಮೊದಲ ಕೆಲವು ದಿನ ಅದರ ಹಾಲನ್ನು ಯಾರೂ ಮುಟ್ಟುವುದಿಲ್ಲ. ಅದು ಅವರ ಧರ್ಮ. ಆ ಹಾಲು ಕರುವಿಗೆ ಮಾತ್ರ. ಚಿಕ್ಕಂದಿನಿಂದ ಹಾಗೇ ಕಂಡವರು, ಎಲ್ಲ ಮನೆಗಳಲ್ಲೂ ಹಾಗೇ ಎಂದುಕೊಂಡುಬಿಟ್ಟಿದ್ದರು. 'ಮೊದಲಿನ ಹಾಲು ಕರುವಿಂದ ಬಿಡ್ರಿ' ಎಂದು ಅವರು ಹೇಳಿದಾಗ, ಅದನ್ನು ಮನುಷ್ಯರು ಬಾಯಿಗೆ ಇಡುತ್ತಾರೆಂಬ ಕಲ್ಪನೆಯೂ ಅವರಿಗಿರಲಿಲ್ಲ. ಕೇಳಿದ ನಾವೆಲ್ಲ, ಜೀಪಿನ ಲೆಕ್ಕ ಗಿಣ್ಣ ಮುಗಿದ ಮೇಲೆ ಶುರು, ಅಲ್ಲಿಯವರೆಗೆ ನಮ್ಮ ಪದ್ಧತಿ ನಮಗೆ ಎಂದು ತಿಳಿದುಕೊಂಡಿದ್ದೆವು.

ಪದ್ಧತಿ ಎಂದರೆ ಹೀಗೆ. ಎಮ್ಮೆ ಈದ ಮನೆಯವರು ಬೆಲ್ಲ, ಏಲಕ್ಕಿ ಹಾಕಿ ಗಿಣ್ಣ ಬೇಯಿಸುತ್ತಾರೆ. ಅದನ್ನು ಮಾರುವುದಿಲ್ಲ, ಹಂಚುತ್ತಾರೆ. ಮೊದಲ ಪಾಲು ಓಣಿಯಲ್ಲಿ ಬಸುರಿ ಇರುವ ಮನೆಗೆ.

ಎರಡು ದಿನದ ಹಿಂದೆ ಊಟಕ್ಕೆ ಕುಳಿತಾಗ ಗಿರಿಜವ್ವ ತಾಟಿನ ಅಂಚಿಗೆ ಒಂದು ತುಂಡು ಗಿಣ್ಣ ಇಟ್ಟಿದ್ದಳು. ಊರ ಹಾಲನ್ನೆಲ್ಲ ಮೂಸಿ ನೋಡುವ ನಾನು ಅದು ಯಾರ ಮನೆಯದೆಂದು ಕೇಳಿರಲಿಲ್ಲ. ತಾರಾ ಮಾತ್ರ ಬಟ್ಟಲು ಹಿಡಿದು ಬೆರಳು ನೆಕ್ಕಿ ನೆಕ್ಕಿ ತಿಂದಿದ್ದಳು. ಬಹಳ ದಿನಗಳ ಮೇಲೆ ಮಗಳು ಬಾಯಿ ಚಪ್ಪರಿಸಿದಳೆಂದು ನಾವಿಬ್ಬರೂ ಹಿಗ್ಗಿದ್ದೆವು.

"ಹೊಳೆವ್ವ, ನಮ್ಮ ಮನಿಗಿ ಬಂದದ್ದು ನಿನ್ನದ ಏನು?"

"ಹೌದ್ರಿ ಅಣ್ಣಾರ. ಮೊದಲ ಚರಗಿ ತಾರವ್ವಗ ಕೊಟ್ಟೀನಿ. ನಿಮ್ಮನಿಯಾಕಿ ಇವತ್ತ ಮುಂಜಾನಿ ಚರಗಿ ಬರಿದ ಕಳಸಬಾರದಂತ ಬೆಲ್ಲ ಹಾಕಿ ಕಳಿಸ್ಯಾರ."

ನಾನು ಡಾಕ್ಟರ ಕಡೆ ತಿರುಗಿದೆ. ಅವರು ನೆಲ ನೋಡುತ್ತಿದ್ದರು.

"ತಿಂದವರಿಗಿ ಏನಾಕ್ಕೈತಿ? ಹೇಳ್ರಿ."

"ದೊಡ್ಡವರಿಗಿ ಏನೂ ಆಗಂಗಿಲ್ರಿ. ಸ್ವಲ್ಪ ತಿಂದಿರ್ತಾರ..."

"ಬಸುರಿಗಿ?"

ಅವರು ಬಟ್ಟಲನ್ನು ಕಟ್ಟೆಯ ಮೇಲೆ ಇಟ್ಟರು. "ಮೊದಲ ಇಲಿಗೋಳಿಗಿ ಕೊಟ್ಟ ನೋಡಿದ್ರಂತ್ರಿ," ಎಂದರು ಮೆಲ್ಲಗೆ. "ಗಬ್ಬದ ಇಲಿಗೋಳಿಗಿ ಜಾಸ್ತಿ ಕೊಟ್ಟಾಗ ಕೆಲವಕ್ಕ ಮರಿ ನಿಲ್ಲಲಿಲ್ಲಂತ. ಎಮ್ಮಿಗಿ ಏನೂ ಆಗಿಲ್ಲ. ಮನಶ್ಯಾರ ಮ್ಯಾಲ ಯಾರೂ ನೋಡಿಲ್ರಿ, ನೋಡೂ ಹಂಗೂ ಇಲ್ಲ."

"ಈಗ ನೋಡಾಕತ್ತೀರಲ್ಲ!" ನನ್ನ ದನಿಗೆ ಕಟ್ಟೆಯ ಮೇಲಿನ ಜನರೆಲ್ಲ ತಿರುಗಿ ನೋಡಿದರು. "ಎಮ್ಮಿ ಧಣೇರನ್ನ ಕೇಳಿದ್ರಿ, ಹೆಬ್ಬಟ್ಟ ಒತ್ತಿಸಿಕೊಂಡ್ರಿ. ಉಣ್ಣಾವ್ರನ್ನ ಯಾರ ಕೇಳಿದ್ರಿ? ಇಲಿ ಮಾತ ಅವತ್ತ ಯಾಕ ಹೇಳಲಿಲ್ರಿ?"

"ಹಾಲ ಯಾರ ಹೊಟ್ಟಿಗೂ ಹೋಗಂಗಿಲ್ಲ ಅಂದಮ್ಯಾಲ ಹೇಳೂದು ಬ್ಯಾಡ ಅಂದಿದ್ರು ಸಾಹೇಬರು."

ಅವರ ಮೆತ್ತಗಿನ ಮಾತು ನನಗೆ ಅಂದು ವಿಷದ ಹಾಗೆ ಕೇಳಿಸಿತು. ಆದರೂ ಅವರ ಕಣ್ಣಲ್ಲಿ ನೀರು ನಿಂತಿದ್ದನ್ನು ಕಂಡೆ. ಮನುಷ್ಯ ಕೆಟ್ಟವನಲ್ಲ. ಅದೇ ನನಗೆ ಇನ್ನೂ ಹೆಚ್ಚು ಹೆದರಿಕೆ ತಂದಿತು. ಕೆಟ್ಟವನಾಗಿದ್ದರೆ ಕೊರಳಪಟ್ಟಿ ಹಿಡಿದು ಕೇಳಬಹುದಿತ್ತು, ಕೇಳಿದರೆ ನಿಜ ಬಾಯಿಗೆ ಬರುತ್ತಿತ್ತು. ಇವರಿಗೆ ನಿಜವೇ ಗೊತ್ತಿರಲಿಲ್ಲ.

ಹೊಟ್ಟೆಗೆ ಹೋದದ್ದು ಔಷಧವೋ ಉಪ್ಪುನೀರೋ ಎಂಬುದೊಂದು ತಿಳಿದರೆ ಸಾಕಿತ್ತು. ಅದು ತಿಳಿದಿದ್ದವರು ಪುಣೆಯಲ್ಲಿದ್ದರು. ರಾಯಬಾಗದಲ್ಲಿ ಹೊಸದಾಗಿ ಎಸ್‌ಟಿಡಿ ಬೂತು ತೆರೆದಿತ್ತು. ಜೀಪು ತಿರುಗಿಸಲು ಹೇಳಿ, ಹೆಗಲ ಮೇಲಿನ ಟವಲ್ ಬದಲಿಸುವ ನೆಪದಲ್ಲಿ ನಾನು ಮನೆಗೆ ಓಡಿದೆ.

ತಾರಾ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು. "ಯಾಕ ಅಪ್ಪಾ, ಇಷ್ಟ ಲಗೂನ ಬಂದಿ?" ಎಂದಳು. ಅವಳ ಒಂದು ಕೈ ಸೊಂಟದ ಮೇಲಿತ್ತು.

"ಸೊಂಟ ನೋವೈತೇನು?"

"ಮುಂಜಾನಿಂದ ಸ್ವಲ್ಪ ಹಿಡದಂಗ ಆಗೇತಿ. ಕುಂತ ಕುಂತ ಹಂಗ ಆಗಿರಬೇಕ."

ಹಿಂದಿನ ಸಲವೂ ಮೊದಲು ಸೊಂಟವೇ ಹಿಡಿದಿತ್ತು. ನಾನು ಹುಂ ಎಂದಷ್ಟೇ ಹೇಳಿ ಅಡುಗೆಮನೆಗೆ ಹೋದೆ. ಗಿರಿಜವ್ವನಿಗೆ ವಿಷಯ ಹೇಳಿದೆ. ಅವಳು ಕಿರುಚಲಿಲ್ಲ, ಅಳಲಿಲ್ಲ. ಲಟ್ಟಣಿಗೆ ಕೆಳಗಿಟ್ಟು, "ಬೇಯಿಸಿದ್ದ ಐತಲ್ರಿ, ಬೆಂದ ಮ್ಯಾಲೂ ಔಷಧ ಉಳೀತೈತೇನ್ರಿ?" ಎಂದು ಕೇಳಿದಳು. ಅದನ್ನು ನಾನು ಕಟ್ಟೆಯ ಮೇಲೇ ಡಾಕ್ಟರಿಗೆ ಕೇಳಿದ್ದೆ. ಉಳಿಯುತ್ತದೆ ಎಂದಿದ್ದರು. ಹೆಂಡತಿಗೆ ಮಾತ್ರ ಗೊತ್ತಿಲ್ಲ ಎಂದೆ. ಮಗಳಿಗೆ ಏನೂ ಹೇಳಬೇಡ, ಮಂಚದ ಮೇಲೆ ಮಲಗಿಸಿ ಇಳಿಯಗೊಡಬೇಡ ಎಂದು ಹೇಳಿ ಹೊರಬಿದ್ದೆ.

ಜೀಪಿನ ಹಿಂದಿನ ಸೀಟಿನಲ್ಲಿ ಹೊಳೆವ್ವ ಆಗಲೇ ಹತ್ತಿ ಕುಳಿತಿದ್ದಳು. ಇಳಿ ಎಂದರೆ ಇಳಿಯಲಿಲ್ಲ. "ನನ್ನ ಕೈಲಿ ಹೋದ ಗಿಣ್ಣರಿ. ಏನಾತಂತ ತಿಳಿಯೂತನಕ ನನಗ ಮನ್ಯಾಗ ನಿಂದ್ರಾಕ ಆಗಂಗಿಲ್ಲ," ಎಂದಳು.

ದಾರಿಯುದ್ದಕ್ಕೂ ಕಬ್ಬಿನ ಗಾಡಿಗಳು. ಒಂದೊಂದು ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡಾಗಲೂ ನನ್ನ ಸಿಟ್ಟು ಏರುತ್ತಿತ್ತು, ಅದನ್ನೆಲ್ಲ ಹೊಳೆವ್ವನ ಮೇಲೆ ಸುರಿದೆ. "ಅಷ್ಟ ತಿಳಿಸಿ ಹೇಳಿದ್ರ ತಲ್ಯಾಗ ಏನ ತುಂಬಿಕೊಂಡ ಕುಂತಿದ್ದಿ ಬೇ? ಸೂಜಿ ಹಾಕಿದ ಎಮ್ಮಿ ಅಂತ ಒಂದ ಮಾತ ನೆನಪಾಗಲಿಲ್ಲ ನಿನಗ?"

"ಸಂಘಕ್ಕ ಹಾಕಬ್ಯಾಡ ಅಂದ್ರಿ, ಹಾಕಲಿಲ್ಲ. ಮಾರಬ್ಯಾಡ ಅಂದ್ರಿ, ಮಾರಲಿಲ್ಲ," ಎಂದಳು ಅವಳು ತಗ್ಗಿದ ದನಿಯಲ್ಲಿ. "ಮಗ್ಗಲದಾಗ ಬಸುರಿ ಕುಂತಾಗ ಗಿಣ್ಣ ಕೊಡದ ಹೆಂಗ ಇರ್ಲ್ರಿ ಅಣ್ಣಾರ? ನಮ್ಮನ್ಯಾಗ ಅದನ್ನ ಇನ್ನೂ ಯಾರೂ ಬಾಯಾಗ ಇಟ್ಟಿಲ್ರಿ. ಕುರಿ ಹಿಂದ ಹೋದಾವ್ರು ಬರೂತನಕ ನಮ್ಮ ಮನಿ ಗಿಣ್ಣ ನಾವು ತಿನ್ನಂಗಿಲ್ಲ. ಮಲಕವ್ವ ಬಯಸ್ತಿದ್ದಳು, ಅಕಿಗಿ ಕಾಳವ್ವ ತಂದ ಕೊಟ್ಟಳು."

"ನಿಮ್ಮ ಮನಿ ಸುದ್ದಿ ಯಾರ ಕೇಳಿದ್ರು!" ಎಂದೆ.

ಜೀಪು ಓಡಿಸುತ್ತಿದ್ದ ಡಾಕ್ಟರು ಕನ್ನಡಿಯಲ್ಲಿ ಅವಳ ಕಡೆ ನೋಡಿದರು. "ಹಂಗಾದ್ರ ಕಾಳವ್ವನ ಎಮ್ಮಿ..." ಎಂದು ಬಾಯಿ ತೆರೆದರು. ನಾನು ಅವರನ್ನೂ ತಡೆದೆ. "ಮೊದಲ ನನ್ನ ಮಗಳದು ಕೇಳ್ರಿ. ಉಳದದ್ದು ಆಮ್ಯಾಲ."

ಬೂತಿನಲ್ಲಿ ಲೈನು ಸಿಗಲಿಲ್ಲ. ಮತ್ತೆ ಒತ್ತಿದರು, ಮತ್ತೆ ಸಿಗಲಿಲ್ಲ. ಗಾಜಿನ ಡಬ್ಬಿಯಂಥ ಆ ಕೋಣೆಯಲ್ಲಿ ನಾವಿಬ್ಬರೂ ಬೆವರುತ್ತಿದ್ದೆವು. ಹೊಳೆವ್ವ ಹೊರಗೆ ಮೆಟ್ಟಿಲ ಮೇಲೆ ಕುಳಿತಿದ್ದಳು. ಮನೆಯಲ್ಲಿ ಸೊಂಟದ ನೋವು ಈಗ ಎಲ್ಲಿಗೆ ಇಳಿದಿದೆಯೋ ಎಂದು ನನ್ನ ತಲೆ ಕೆಟ್ಟುಹೋಗಿತ್ತು. ಕೊನೆಗೂ ಪುಣೆ ಸಿಕ್ಕಿತು.

ಡಾಕ್ಟರು ಮರಾಠಿಯಲ್ಲಿ ಎಲ್ಲವನ್ನೂ ಹೇಳಿದರು. ಗಡಿ ಸೀಮೆಯವರಿಗೆ ಮರಾಠಿ ಹೊಸದಲ್ಲ, ನನಗೆ ಎಲ್ಲ ತಿಳಿಯುತ್ತಿತ್ತು. ಆ ಕಡೆಯ ದೊಡ್ಡ ಸಾಹೇಬರು ಮೊದಲು ಬೈದರು, ಆಮೇಲೆ ಒಪ್ಪಲಿಲ್ಲ. ಒಂದು ಬಣ್ಣ ಹೇಳಿದರೆ ಎರಡೂ ಹೇಳಿದಂತೆ, ಅಲ್ಲಿಗೆ ವರ್ಷದ ಕೆಲಸ ಹಾಳು, ಎಂದರು. ಡಾಕ್ಟರ ಕೊರಳಿನ ನರ ಉಬ್ಬಿತ್ತು. "ಸರ್, ಬಸುರಿ ಹೆಣ್ಣುಮಗಳು ಸರ್," ಎಂದು ಮರಾಠಿ ಬಿಟ್ಟು ಕನ್ನಡದಲ್ಲೇ ಅಂದುಬಿಟ್ಟರು.

ನಾನು ರಿಸೀವರು ಕಸಿದುಕೊಂಡೆ. ನನಗೆ ಬರುವ ಮರಾಠಿಯಲ್ಲಿ, ಬಾರದ ಕಡೆ ಕನ್ನಡದಲ್ಲಿ, ಗಂಟಲು ಹರಿಯುವ ಹಾಗೆ ಕೂಗಿದೆ. ನಮ್ಮೂರಿನಲ್ಲಿ ಒಂದು ಎಮ್ಮೆಯ ಮೈಗೂ ನಿಮ್ಮ ಕೈ ತಾಗಗೊಡುವುದಿಲ್ಲ. ಚಿಕ್ಕೋಡಿ, ಅಥಣಿ, ಕಾಗವಾಡ, ನಿಪ್ಪಾಣಿ, ಎಲ್ಲ ಕಡೆಯ ಹಾಲಿನ ಸಂಘಗಳಿಗೂ ನಾನೇ ಹೋಗಿ ಹೇಳುತ್ತೇನೆ. ಇಲಿಯ ಮಾತು ಯಾಕೆ ಮುಚ್ಚಿಟ್ಟಿರಿ ಎಂದು ಪೊಲೀಸರ ಮುಂದೆ ಕೇಳುತ್ತೇನೆ. ಆಮೇಲೆ ಕೂಗು ನಿಂತುಹೋಯಿತು. "ಅಕಿದು ಒಂದ ಹೋಗೇತ್ರಿ, ಸಾಹೇಬ್ರ," ಎಂದೆ. "ಇನ್ನೊಂದ ಹೋದ್ರ ನನ್ನ ಮಗಳ ಉಳಿಯಂಗಿಲ್ರಿ."

ಸಾಹೇಬರು ಕೇಳಿದರು: "ತೀ ಮ್ಹೈಸ ಕೋಣತ್ಯಾ ರಂಗಾಚೀ?"

ಯಾವ ಬಣ್ಣದ ಎಮ್ಮೆ. "ಹಿರವಾ," ಎಂದೆ. ಹಸಿರು.

"ಹಿರವಾ ಮ್ಹಣಜೆ ನುಸ್ತಂ ಪಾಣೀ," ಎಂದರು. ಹಸಿರೆಂದರೆ ಬರೀ ನೀರು. ಫೋನು ಇಟ್ಟರು.

ಗಾಜಿನ ಬಾಗಿಲು ತಳ್ಳಿ ಹೊರಗೆ ಬಂದು ಮೆಟ್ಟಿಲ ಮೇಲೆ, ಅಷ್ಟು ಹೊತ್ತು ಬೈದಿದ್ದ ಆ ಹೆಂಗಸಿನ ಪಕ್ಕದಲ್ಲೇ, ಕುಸಿದು ಕುಳಿತೆ. "ನೀರಂತ, ಹೊಳೆವ್ವ," ಎಂದೆ. "ಹಸರಂದ್ರ ಬರೀ ಉಪ್ಪನೀರಂತ. ತಾರಾಗ ಏನೂ ಆಗಂಗಿಲ್ಲ." ಹೇಳುತ್ತಿದ್ದಂತೆ ಅಳು ಬಂತು. ಸೊಂಟದ ನೋವು ಬರೀ ಸೊಂಟದ ನೋವಾಯಿತು. ಇಷ್ಟು ಸಂತೋಷ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಹೊಳೆವ್ವ ಎರಡೂ ಕೈ ಎತ್ತಿ ದೇವರಿಗೆ ಮುಗಿದಳು. "ನನ್ನ ಜೀವ ತಿರಗಿ ಬಂತ್ರಿ ಅಣ್ಣಾರ! ಕೂಸ ಉಳೀತಲ್ರಿ, ಅಷ್ಟ ಸಾಕ." ಸೀರೆಯ ಸೆರಗಿನ ಗಂಟು ಬಿಚ್ಚಿದಳು. ಅದರೊಳಗೆ ಬೆಲ್ಲವಿತ್ತು, ನನ್ನ ಹೆಂಡತಿ ಅವಳ ಚರಿಗೆಗೆ ಹಾಕಿ ಕಳಿಸಿದ್ದು. ಒಂದು ತುಂಡು ಮುರಿದು ನನ್ನ ಕೈಗಿಟ್ಟಳು. ನಾನು ಬಾಯಿಗೆ ಹಾಕಿಕೊಂಡೆ.

ಡಾಕ್ಟರು ಬೂತಿನ ಬಾಗಿಲಲ್ಲೇ ನಿಂತಿದ್ದರು. ಅವರಿಗೂ ಕೊಡಲು ಹೊಳೆವ್ವ ಕೈ ಚಾಚಿದಳು. ಅವರು ತೆಗೆದುಕೊಳ್ಳಲಿಲ್ಲ. ಅವಳ ಕೈ ಹಾಗೇ ಇತ್ತು, ಕಣ್ಣು ಅವರ ಮುಖದ ಮೇಲಿತ್ತು. ಅವಳ ನಗು ಒಮ್ಮೆಲೇ ಹೋಗಲಿಲ್ಲ, ಸ್ವಲ್ಪ ಸ್ವಲ್ಪವಾಗಿ ಆರಿತು.

"ಹಸರ ನೀರಾದ್ರ," ಎಂದಳು, "ಕೆಂಪ ಏನ್ರಿ?"

ಎದುರಿನ ನಿಲ್ದಾಣದಲ್ಲಿ ಅಥಣಿ ಬಸ್ಸಿನ ಕಂಡಕ್ಟರು ಊರುಗಳ ಹೆಸರು ಕೂಗುತ್ತಿದ್ದ.

"ನಮ್ಮ ಮಲಕವ್ವ ಕಾಳವ್ವನ ಗಿಣ್ಣ ತಿಂದಾಳ್ರಿ. ಒಂದ ಸಲ ಅಲ್ಲ, ಎರಡ ಸಲ ಇಸಕೊಂಡ ತಿಂದಾಳ. ಅದರ ಕೋಡಿಗಿ ಕೆಂಪ ಬಳಿ ಐತಲ್ರಿ?"

ದಾರಿಯಲ್ಲಿ ಅವಳು ಇದನ್ನೇ ಹೇಳಿದ್ದಳು. ಡಾಕ್ಟರೂ ಇದನ್ನೇ ಹೇಳಲು ಹೊರಟಿದ್ದರು. ಪುಣೆಯವರು ಒಂದು ಬಣ್ಣ ಹೇಳಿದರೆ ಎರಡೂ ಹೇಳಿದಂತೆ ಎಂದಾಗ ಅದು ನನಗೆ ಅವರ ಕೆಲಸದ ಮಾತಾಗಿ ಕೇಳಿಸಿತ್ತು. ಮುಂಜಾನೆಯಿಂದ ನನ್ನ ಎದೆಯ ಮೇಲೆ ಕುಳಿತಿದ್ದದ್ದು ಎಲ್ಲೂ ಹೋಗಿರಲಿಲ್ಲ. ಎದ್ದು ಪಕ್ಕಕ್ಕೆ ಸರಿದು ಈ ಹೆಂಗಸಿನ ಎದೆಯ ಮೇಲೆ ಕುಳಿತಿತ್ತು, ನಾನು ಬೆಲ್ಲ ತಿನ್ನುತ್ತಿದ್ದೆ.

"ಮಿರಜಿ ದವಾಖಾನಿಗಿ ಒಯ್ಯೋಣ್ರಿ," ಎಂದರು ಡಾಕ್ಟರು. "ಈಗಿಂದೀಗ ಒಯ್ಯೋಣ. ಜೀಪ ಐತಿ, ನಾ ಬರ್ತೀನಿ."

"ಅಲ್ಲೇ ಏನ ಮಾಡ್ತಾರ್ರಿ?" ಎಂದು ಕೇಳಿದಳು ಹೊಳೆವ್ವ. ಡಾಕ್ಟರು ಜೀಪಿನ ಕೀಲಿಯನ್ನು ಬೆರಳಲ್ಲಿ ತಿರುಗಿಸಿದರು.

ಅವಳು ಎದ್ದಳು. ಉಳಿದ ಬೆಲ್ಲವನ್ನು ಸೆರಗಿನಲ್ಲಿ ಮತ್ತೆ ಗಂಟು ಹಾಕಿದಳು. ಎಂದೂ ಫೋನು ಮುಟ್ಟದವಳು ಗಾಜಿನ ಬಾಗಿಲು ತಳ್ಳಿ ಬೂತಿನೊಳಗೆ ಹೋಗಿ ನಿಂತಳು.

"ಅವರಿಗಿ ಇನ್ನೊಮ್ಮಿ ಹಚ್ಚರಿ, ಡಾಕ್ಟರ."

"ಏನಂತ ಕೇಳ್ಲಿ, ಹೊಳೆವ್ವ? ಬಣ್ಣ ಗೊತ್ತಾತಲ್ಲ."

"ಆ ಇಲಿಗೋಳ ಬಗ್ಗಿ ಕೇಳ್ರಿ," ಎಂದಳು. "ಕೆಲವಕ್ಕ ಮರಿ ನಿಲ್ಲಲಿಲ್ಲ ಅಂದ್ರಲ್ಲ, ನಿಂತದ್ದು ಎಷ್ಟಕ್ಕಂತ ಕೇಳ್ರಿ."

ಡಾಕ್ಟರು ನನ್ನ ಮುಖ ನೋಡಿದರು. ನಾನು ಎದ್ದು ಹೋಗಿ ಬೂತಿನ ಬಾಗಿಲು ಹಿಡಿದು ನಿಂತೆ. ಅವರು ಒಳಗೆ ಹೋಗಿ ಪುಣೆಯ ನಂಬರು ಒತ್ತತೊಡಗಿದರು.